‘ವಿಷ ಹೊರಗ ಬರಾಕತ್ತೈತಿ’ ಅಂತ ಉರಿ ತಡಕೋಬ್ಯಾಡ್ರಿ

ಪ್ರಶ್ನೆ: ಡಾಕ್ಟ್ರೇ, ನನಗೆ 28 ವರ್ಷ. ಊರು ಇಳಕಲ್. ನಮ್ಮ ಮನೆಯವರು ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಎರಡನೇ ಹೆರಿಗೆಯಾಗಿ ನಾಲ್ಕೂವರೆ ತಿಂಗಳಾಯಿತು, ಕೂಸಿಗೆ ಎದೆಹಾಲು ಕುಡಿಸುತ್ತೇನೆ. ಬಸುರಿದ್ದಾಗ ಮುಖಕ್ಕೆ ಬಂಗು ಬಂತು. ಅದಕ್ಕೂ ಮೊದಲಿನಿಂದ, ಸುಮಾರು ಎರಡು ವರ್ಷ, ಔಷಧ ಅಂಗಡಿಯಲ್ಲಿ ಕೊಟ್ಟ ಒಂದು ಕ್ರೀಮು ಹಚ್ಚುತ್ತಿದ್ದೆ. ಎರಡು ತಿಂಗಳ ಹಿಂದೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕ್ರೀಮು, ಶಾಂಪೂ, ಸೋಪು ಎಲ್ಲಾ ಒಮ್ಮೆಲೇ ಬಿಟ್ಟೆ. ಈಗ ಮುಖಕ್ಕೆ ಕಡ್ಲಿಹಿಟ್ಟು, ಅರಿಶಿಣ, ಲಿಂಬೆರಸ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಮನೆಯಲ್ಲೇ ಮಾಡಿದ ಸಾಬೂನು ಮೈಗೂ ತಲೆಗೂ. ಕೂದಲಿಗೆ ಔಡಲ ಎಣ್ಣೆ. ಮುಖ ಕೆಂಪಾಗಿ ಉರಿಯುತ್ತದೆ, ಬಂಗು ಇನ್ನೂ ಕಪ್ಪಾಗಿದೆ. ತಲೆ ಜಿಗುಟು, ಬಾಚಿದರೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತದೆ. ‘ಒಳಗಿನ ವಿಷ ಹೊರಗ ಬರಾಕತ್ತೈತಿ, ಮೂರು ತಿಂಗಳ ತಡಕೋ’ ಅನ್ನುತ್ತಾರೆ. ತಡೆದುಕೊಳ್ಳಲೋ, ಹಳೇ ದಾರಿಯನ್ನೇ ಹಿಡಿಯಲೋ? ನಾಲ್ಕು ಜನ ಗೆಳತಿಯರು ಸೇರಿ ಈ ಸಾಬೂನು ಮಾಡಿ ಮಾರುವ ವಿಚಾರವೂ ಇತ್ತು. ಇನ್ನೊಂದು, ಹಿಂದೆ ಕತ್ತಿನ ಹತ್ತಿರ ಕೂದಲು ಗಂಟಾಗಿ ಬಿಡಿಸಲು ಬರುತ್ತಿಲ್ಲ. ಓಣಿಯ ಹಿರಿಯರೊಬ್ಬರು ನೋಡಿ ‘ಕತ್ತರಿ ಹಚ್ಚಬ್ಯಾಡ’ ಅಂದಿದ್ದಾರೆ. ಹೆದರಿಕೆಯಾಗಿದೆ.

ಉತ್ತರ: ತಂಗಿ, ಇವತ್ತು ಸಂಜೆಯೊಳಗೆ ಮಾಡಬೇಕಾದದ್ದನ್ನು ಮೊದಲು ಹೇಳುತ್ತೇನೆ, ವಿವರ ಆಮೇಲೆ. ಮುಖಕ್ಕೆ ಲಿಂಬೆ, ಅರಿಶಿಣ, ಕಡ್ಲಿಹಿಟ್ಟು ಮೂರನ್ನೂ ನಿಲ್ಲಿಸಿ. ಆ ಸಾಬೂನನ್ನು ಮುಖಕ್ಕೂ ತಲೆಗೂ ಮುಟ್ಟಿಸಬೇಡಿ. ಮುಖವನ್ನು ಬರೀ ತಣ್ಣೀರಿನಲ್ಲಿ ತೊಳೆಯಿರಿ, ಸಾಧ್ಯವಿದ್ದರೆ ಬೋರಿನ ನೀರು ಬಿಟ್ಟು ನಳದ ನೀರಿನಲ್ಲಿ. ಮುಖ ಇನ್ನೂ ಹಸಿ ಇರುವಾಗಲೇ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ. ಅದು ಅಂಗಡಿಯದು, ಕಚ್ಚಾತೈಲದಿಂದ ಬಂದದ್ದು, ನಿಜ. ಆದರೆ ಉರಿಯುವ ಚರ್ಮದ ಮೇಲೆ ಅದರಷ್ಟು ಸುಮ್ಮನೆ ಕೂಡುವ ವಸ್ತು ಅಡುಗೆಮನೆಯಲ್ಲಿ ಸಿಗುವುದಿಲ್ಲ. ಎರಡು ವಾರ ಇಷ್ಟೇ ಸಾಕು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ತಡೆದುಕೊಳ್ಳಬೇಡಿ. ದೇಹದ ಕಲ್ಮಷ ಹೊರಹಾಕುವ ಕೆಲಸ ಲಿವರಿನದು, ಕಿಡ್ನಿಯದು. ಶಾಂಪೂ ಬಿಟ್ಟ ಮೇಲೆ ನೆತ್ತಿಯಲ್ಲಿ ಕೂಡಿಟ್ಟ ‘ಕೆಮಿಕಲ್’ ತಿಂಗಳುಗಟ್ಟಲೆ ಸೋರಿಹೋಗುವಂಥ ಏರ್ಪಾಡು ಚರ್ಮದಲ್ಲಿ ಇಲ್ಲವೇ ಇಲ್ಲ. ಉರಿ ಅಂದರೆ ಉರಿಯೇ. ಹಚ್ಚಿದ್ದು ಒಗ್ಗುತ್ತಿಲ್ಲ ಅಂತ ಚರ್ಮ ಹೇಳುತ್ತಿದೆ, ಅಷ್ಟೇ. ಇಪ್ಪತ್ತೈದು ವರ್ಷದಿಂದ ಬಾಗಲಕೋಟೆಯಲ್ಲಿ ಚರ್ಮದ ಕಾಯಿಲೆ ನೋಡುತ್ತಿದ್ದೇನೆ. ಈ ‘ತಡಕೋ’ ಎಂಬ ಒಂದು ಮಾತು ಮಾಡಿದಷ್ಟು ಹಾನಿಯನ್ನು ಯಾವ ಸೋಪೂ ಮಾಡಿದ್ದನ್ನು ನಾನು ಕಂಡಿಲ್ಲ. ಎರಡು ದಿನಕ್ಕೆ ವಾಸಿಯಾಗಬೇಕಿದ್ದ ಅಲರ್ಜಿ ಎರಡು ತಿಂಗಳು ಬೆಳೆದು, ಕಲೆ ಉಳಿದುಬಿಟ್ಟ ಮುಖಗಳು ನನ್ನ ಮುಂದೆ ಬಂದು ಕೂತಿವೆ.

ಹಾಗಂತ ಹಳೇ ದಾರಿಗೆ ಪೂರ್ತಿ ಹೊರಳಿ ಅಂತಲೂ ಹೇಳುವುದಿಲ್ಲ. ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದೇ, ನಾನೂ ವಾರಕ್ಕೊಮ್ಮೆ ತಲೆಗೆ ಅಂಟವಾಳ, ಸೀಗೆಕಾಯಿಯನ್ನೇ ಹಚ್ಚುವವಳು. ಆದರೆ ‘ನೈಸರ್ಗಿಕ’ ಅನ್ನುವುದು ಒಂದು ಗುಣ ಅಲ್ಲ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಕೇಳಬೇಕು: ಇದು ನನ್ನ ಚರ್ಮದ ಮೇಲೆ ಏನು ಮಾಡುತ್ತದೆ, ನಮ್ಮೂರ ನೀರಿನಲ್ಲಿ ಹೇಗೆ ನಡೆಯುತ್ತದೆ, ನಮ್ಮ ಬಿಸಿಲಿಗೆ ಹೇಗೆ ತಿರುಗುತ್ತದೆ? ಒಮ್ಮೆಲೇ ಎಲ್ಲಾ ಬದಲಿಸಿದರೆ ಯಾವುದು ಒಗ್ಗಿತು, ಯಾವುದು ಕೆಡಿಸಿತು ಅಂತ ತಿಳಿಯುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಆ ಎರಡು ವರ್ಷದ ಕ್ರೀಮು. ಖಾಲಿ ಟ್ಯೂಬು ಎಲ್ಲಾದರೂ ಬಿದ್ದಿದ್ದರೆ ಹುಡುಕಿ, ಸಣ್ಣ ಅಕ್ಷರ ಓದಿಸಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಸಿನೊಲೋನ್, ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದು ಸ್ಟೆರಾಯ್ಡ್. ಹಚ್ಚಿದ ಹೊಸದರಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟ ಕೂಡಲೇ, ಅಲ್ಲಿಯತನಕ ಬಿಗಿದುಕೊಂಡಿದ್ದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ಮುಖ ಕೆಂಪಾಗಿ ಉರಿಯುತ್ತದೆ, ಬಿಸಿಲು ತಾಗಿದರೂ ಒಲೆಯ ಝಳ ತಾಗಿದರೂ ಚುರುಗುಡುತ್ತದೆ, ಮೊಡವೆ ಏಳುತ್ತವೆ. ಇದನ್ನು ಕಂಡವರು ‘ವಿಷ ಹೊರಬಂತು’ ಅಂತ ಸಂತೋಷಪಡುತ್ತಾರೆ. ಅದು ಸ್ಟೆರಾಯ್ಡ್ ಬಿಟ್ಟದ್ದರ ಪೆಟ್ಟು, ಅದಕ್ಕೆ ಚಿಕಿತ್ಸೆ ಇದೆ. ಇಂಥ ಮುಲಾಮುಗಳನ್ನು 2018ರಲ್ಲಿ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಕೇಳಿದವರಿಗೆಲ್ಲ ಸಿಗುತ್ತಿವೆ, ಅದರ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಟ್ಯೂಬಿನಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತಲೂ ಇರಬಹುದು. ಹಾಲು ಕುಡಿಸುವ ತಾಯಿ ಅವನ್ನು ಸ್ವಂತ ಬುದ್ಧಿಯಿಂದ ಹಚ್ಚುವುದು ಬೇಡ. ಏನೂ ಬರೆದಿರದ ಡಬ್ಬಿಯ ಕ್ರೀಮು ಆಗಿದ್ದರೆ ಅದನ್ನೂ ತಪ್ಪದೆ ವೈದ್ಯರಿಗೆ ತೋರಿಸಿ. ಬೆಳ್ಳಗಾಗಲು ಪಾದರಸ ಬೆರೆಸಿದ ಕ್ರೀಮುಗಳು ಕಿಡ್ನಿ ಕೆಡಿಸಿದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ, ಒಂದು ಮೂತ್ರ ಪರೀಕ್ಷೆಯಿಂದ ಮೊದಲ ಸುಳಿವು ಸಿಗುತ್ತದೆ.

ಲಿಂಬೆಯ ವಿಷಯ. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಹೆಮ್ಮೆಯ ಹಣ್ಣು. ಆದರೆ ಅದರ ರಸದ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 2, ನಮ್ಮ ಚರ್ಮದ್ದು 4.5ರಿಂದ 5.5. ಅಷ್ಟು ಹುಳಿ ದಿನಾ ಬಿದ್ದರೆ ಚರ್ಮದ ಮೇಲ್ಪದರ ತಾಳುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬಿಸಿಲಿನದು. ಲಿಂಬೆಯ ರಸದಲ್ಲೂ ಸಿಪ್ಪೆಯಲ್ಲೂ ಫ್ಯುರೋಕೌಮರಿನ್ ಎಂಬ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಕೂಡಲೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕೆಂಪು, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು. ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಅಂಗಳದಲ್ಲಿ ಕೂತು ರಾಶಿ ಲಿಂಬೆ ಹೆಚ್ಚಿದ ಹೆಣ್ಣುಮಕ್ಕಳು ಕೈಮೇಲೆ ರಸ ಇಳಿದ ಜಾಡಿನ ಹಾಗೇ ಕಪ್ಪು ಗೆರೆ ಎಳೆದುಕೊಂಡು ಬರುತ್ತಾರೆ. ‘ಯಾವುದೋ ಹುಳ ಉಚ್ಚಿ ಹೊಯ್ದದ’ ಅನ್ನುತ್ತಾರೆ. ನಾನು ಮೊದಲು ಕೇಳುವುದು, ‘ಲಿಂಬಿ ಹೆಚ್ಚಿದ್ರೇನು?’ ಅಂತ. ನೀವು ಆ ರಸವನ್ನು ಬಂಗಿನ ಮೇಲೆ ಹಚ್ಚಿ ಮಾರ್ಚ್ ತಿಂಗಳ ಬಿಸಿಲಿಗೆ ಹೊರಬಿದ್ದಿರಿ. ಬಂಗು ಕಪ್ಪಾಗದೆ ಇನ್ನೇನಾದೀತು?

ಅರಿಶಿಣ ಮತ್ತು ಕಡ್ಲಿಹಿಟ್ಟು ಲಿಂಬೆಯಷ್ಟು ಕೆಟ್ಟವಲ್ಲ. ಮದುವೆಯಲ್ಲಿ ಮದುಮಗಳಿಗೆ ಅರಿಶಿಣ ಹಚ್ಚುವುದು ಒಂದೆರಡು ದಿನದ ಮಾತು, ಆರೋಗ್ಯದ ಚರ್ಮ ಅದನ್ನು ತಾಳಿಕೊಳ್ಳುತ್ತದೆ. ದಿನಾ ತಿಕ್ಕುವುದು ಬೇರೆ. ಬಂಗು ಇರುವ ಮುಖಕ್ಕೆ ತಿಕ್ಕಾಟವೇ ಶತ್ರು, ತಿಕ್ಕಿದಷ್ಟೂ ಕಪ್ಪು. ಮೈಗೆ, ಅದೂ ಚರ್ಮ ಒಡೆದಿರದ ಕಡೆ, ನುಣ್ಣಗೆ ಜರಡಿ ಹಿಡಿದ ಹೆಸರುಹಿಟ್ಟು ಅಥವಾ ಕಡ್ಲಿಹಿಟ್ಟನ್ನು ನೀರಲ್ಲಿ ಕಲಸಿ ಸವರಿ ತೊಳೆದುಕೊಳ್ಳಿ, ಅಡ್ಡಿಯಿಲ್ಲ. ಒಡೆದ, ಗಾಯವಾದ, ಇಸುಬು ಇರುವ ಚರ್ಮಕ್ಕೆ ಮಾತ್ರ ತಿನ್ನುವ ಕಾಳಿನ ಹಿಟ್ಟು ಹಚ್ಚಬಾರದು. ಆ ದಾರಿಯಿಂದ ಒಳಹೊಕ್ಕ ಆಹಾರವನ್ನು ದೇಹ ವೈರಿ ಅಂತ ಗುರುತು ಹಿಡಿದರೆ ಮುಂದೆ ಅದನ್ನೇ ತಿಂದಾಗ ಅಲರ್ಜಿ ಆಗಬಹುದು.

ಬಂಗಿಗೆ ಮನೆಮದ್ದು ಇಲ್ಲ ಅಂತ ನೇರವಾಗಿ ಹೇಳಿಬಿಡುತ್ತೇನೆ. ಬಸುರಿನ ಹಾರ್ಮೋನು, ಬಿಸಿಲು, ಬಿಸಿ ಸೇರಿ ಬಂದದ್ದು ಅದು. ಹೆರಿಗೆಯಾದ ಮೇಲೆ ಎಷ್ಟೋ ಜನರಿಗೆ ತಾನಾಗಿ ತಿಳಿಯಾಗುತ್ತದೆ, ನಾವು ಕೆರಳಿಸದೆ ಬಿಟ್ಟರೆ. ಸನ್‌ಸ್ಕ್ರೀನ್ ಒಂದನ್ನು ಮಾತ್ರ ಅಂಗಡಿಯಿಂದಲೇ ತನ್ನಿ. ಕೊಬ್ಬರಿ ಎಣ್ಣೆ, ಗಜ್ಜರಿ ಬೀಜದ ಎಣ್ಣೆ ಅಂತ ವಿಡಿಯೊದಲ್ಲಿ ತೋರಿಸುವುದು ಯಾವುದೂ ವಿಜಯಪುರ, ಬಾಗಲಕೋಟೆಯ ಬಿಸಿಲನ್ನು ತಡೆಯುವುದಿಲ್ಲ. ಜಿಂಕ್ ಆಕ್ಸೈಡ್ ಪುಡಿ ತಂದು ಎಣ್ಣೆಯಲ್ಲಿ ಕಲಸಿದರೂ ಅದು ಸಮನಾಗಿ ಹರಡುವುದಿಲ್ಲ, ಸಂದು ಬಿಟ್ಟಲ್ಲೆಲ್ಲ ಬಿಸಿಲು ಹೊಕ್ಕುತ್ತದೆ. ಎಸ್‌ಪಿಎಫ್ 30ಕ್ಕಿಂತ ಮೇಲಿನದು, ಜಿಂಕ್ ಆಕ್ಸೈಡ್ ಇರುವುದು, ಜತೆಗೆ ಮೈಬಣ್ಣದ ಐರನ್ ಆಕ್ಸೈಡ್ ಬೆರೆತದ್ದು ಇರಲಿ. ಹಾಲು ಕುಡಿಸುವಾಗಲೂ ಇದಕ್ಕೆ ಭಯವಿಲ್ಲ. ಉರಿ ಪೂರಾ ತಣಿದ ಮೇಲೆ ಶುರುಮಾಡಿ. ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. ಜತೆಗೆ ತಲೆಮೇಲೆ ಸೆರಗು. ಒತ್ತಾಗಿ ನೇಯ್ದ ಕಡುಬಣ್ಣದ ಸೆರಗು ಬಿಸಿಲಿಗೆ ಎಷ್ಟು ಅಡ್ಡ ಅಂತ ನೇಕಾರರ ಮನೆಯವರಿಗೆ ನಾನು ಹೇಳಬೇಕಿಲ್ಲ. ರೊಟ್ಟಿ ಬಡಿಯುವಾಗ ಒಲೆಯ ಝಳ ನೇರ ಮುಖಕ್ಕೆ ಹೊಡೆಯದಂತೆ ಸ್ವಲ್ಪ ಓರೆಯಾಗಿ ಕೂಡಿ.

ಈಗ ತಲೆ. ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು, ಯಾಕೆಂದರೆ ಆ ವಿಡಿಯೊ ಮಾಡಿದವರಿಗೆ ನಿಮ್ಮ ಊರಿನ ನೀರು ಗೊತ್ತಿಲ್ಲ.

ನಿಮ್ಮ ಬಚ್ಚಲದ ಹಂಡೆಯ ಒಳಮೈ ಮುಟ್ಟಿ ನೋಡಿ. ಬಿಳಿಯ ಒರಟು ಪೊರೆ ಕೂತಿರುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣದಂಶ ಕಾಯಿಸಿದಾಗ ಹಾಗೆ ಕಲ್ಲಾಗಿ ಕೂಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ಕಡೆಯ ಎಷ್ಟೋ ಬೋರುಗಳ ನೀರಿಗೆ ಜನ ಸವಳು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿಸಿ ಮಾಡಿದ ನಿಜವಾದ ಸಾಬೂನು ಈ ಸುಣ್ಣದಂಶ ಸಿಕ್ಕ ಕೂಡಲೇ ಅದಕ್ಕೆ ಕಚ್ಚಿಕೊಂಡು ಒಡೆದ ಮೊಸರಿನ ಹಾಗೆ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿಗೆ ಉಗುರಿನಿಂದ ಕೆರೆಯುವಂತೆ ಅಂಟುವ ಬೂದು ಬಣ್ಣದ ಜಿಡ್ಡು ಅದೇ. ಅದೇ ಈಗ ನಿಮ್ಮ ಒಂದೊಂದು ಕೂದಲಿನ ಮೇಲೂ ಕೂತಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ತೊಳೆದಷ್ಟೂ ಹೆಚ್ಚುತ್ತದೆ. ಪರೀಕ್ಷೆ ಮಾಡಬೇಕೆಂದರೆ ಒಂದು ಬಾಟಲಿಗೆ ಅರ್ಧ ಬೋರಿನ ನೀರು, ಇನ್ನೊಂದಕ್ಕೆ ಅರ್ಧ ಮಳೆನೀರು ಅಥವಾ ನಳದ ನೀರು ಹಾಕಿ ನಿಮ್ಮ ಸಾಬೂನನ್ನು ಸ್ವಲ್ಪ ಸ್ವಲ್ಪ ಹೆರೆದು ಹಾಕಿ ಕುಲುಕಿ. ಒಂದರಲ್ಲಿ ನೊರೆ, ಒಂದರಲ್ಲಿ ಮಜ್ಜಿಗೆ ಒಡೆದಂತೆ ಚೂರು. ಕಣ್ಣಿಗೇ ಕಾಣುತ್ತದೆ. ಅಂಗಡಿಯ ಶಾಂಪೂ ಸಾಬೂನಿನ ಜಾತಿಯದಲ್ಲ, ಗಡಸು ನೀರಿನಲ್ಲೂ ನಡೆಯುವಂತೆ ಮಾಡಿದ್ದು. ಅದಕ್ಕೇ ನಿಮಗೆ ಮೊದಲು ಈ ತೊಂದರೆ ಇರಲಿಲ್ಲ.

ಇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ನಿಮ್ಮವರು ನೇಯುವ ಸೀರೆಯ ತೋಪು ತೆನಿ ಸೆರಗು ರೇಷ್ಮೆಯದು. ಆ ಸೆರಗನ್ನು ಯಾವತ್ತಾದರೂ ಬಟ್ಟೆ ಸಾಬೂನು ಹಚ್ಚಿ ಬಂಡೆಗೆ ತಿಕ್ಕುತ್ತೀರಾ? ಕ್ಷಾರ ತಾಗಿದರೆ ಹೊಳಪು ಹೋಯಿತು. ರೇಷ್ಮೆಯ ಎಳೆಯೂ ಪ್ರೋಟೀನು, ನಿಮ್ಮ ತಲೆಯ ಕೂದಲೂ ಪ್ರೋಟೀನು. ಸಾಬೂನಿನ ಪಿಎಚ್ 9ರಿಂದ 10. ಅಷ್ಟು ಕ್ಷಾರದಲ್ಲಿ ಕೂದಲಿನ ಮೇಲಿನ ಹೆಂಚು ಹೊದಿಸಿದಂಥ ಪದರಗಳು ಎದ್ದು ನಿಲ್ಲುತ್ತವೆ, ಒಂದಕ್ಕೊಂದು ಸಿಕ್ಕಿಬೀಳುತ್ತವೆ. ರೇಷ್ಮೆಯನ್ನು ಹಿಂದಿನವರು ಅಂಟವಾಳದಲ್ಲಿ ತೊಳೆದರು, ಪತ್ತಾರರು ಬಂಗಾರ, ಬೆಳ್ಳಿಯನ್ನೂ ಅದರಲ್ಲೇ ತೊಳೆದರು. ಅಂಟವಾಳ, ಸೀಗೆಕಾಯಿಗಳ ನೊರೆ ಸಪೋನಿನ್ ಎಂಬ ಪದಾರ್ಥಗಳದು, ಅದು ಸ್ವಲ್ಪ ಹುಳಿ ಕಡೆಗೇ ಇದೆ, ಸವಳು ನೀರಿನ ಸುಣ್ಣದ ಜತೆ ಸಾಬೂನಿನ ಹಾಗೆ ಗಂಟು ಬೀಳುವುದಿಲ್ಲ. ಸೆರಗಿಗೆ ಒಳ್ಳೆಯದಾದದ್ದು ತಲೆಗೂ ಒಳ್ಳೆಯದೇ.

ಒಂದು ತಲೆಸ್ನಾನಕ್ಕೆ ಆರೆಂಟು ಅಂಟವಾಳಕಾಯಿ ಒಡೆದು ಬೀಜ ತೆಗೆಯಿರಿ. ಅದಕ್ಕೆ ಐದಾರು ಸೀಗೆಕಾಯಿ, ಒಂದು ಚಮಚ ಮೆಂತೆಕಾಳು ಸೇರಿಸಿ ಅರ್ಧ ಲೀಟರು ನೀರಲ್ಲಿ ರಾತ್ರಿ ನೆನೆಹಾಕಿ. ಮುಂಜಾನೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕಿವುಚಿ ಹಳೇ ಧೋತರದ ಬಟ್ಟೆಯಲ್ಲಿ ಸೋಸಿ. ಸೋಸುವುದನ್ನು ಬಿಡಬೇಡಿ. ಪುಡಿಯನ್ನೇ ಕಲಸಿ ಹಚ್ಚಿದರೆ ಒರಟು ಚೂರು ನೆತ್ತಿ ಕೆರೆಯುತ್ತವೆ, ಕೂದಲಲ್ಲಿ ಸಿಕ್ಕಿ ಉಳಿಯುತ್ತವೆ. ನೊರೆ ಶಾಂಪೂವಿನಷ್ಟು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮೆಂತೆಯ ಲೋಳೆ ಇಲ್ಲದಿದ್ದರೆ ಅಂಟವಾಳ ಒಂದೇ ಕೂದಲನ್ನು ಒಣಗಿಸುತ್ತದೆ, ದಾಸವಾಳದ ಎಲೆ ಅರೆದು ಹಾಕಿದರೂ ಅದೇ ಕೆಲಸ. ಕಣ್ಣಿಗೆ ಹೋದರೆ ಸೋಪಿಗಿಂತ ಜಾಸ್ತಿ ಉರಿಯುತ್ತದೆ, ಕೂಸಿನ ತಲೆಗೆ ಬೇಡವೇ ಬೇಡ. ಈಗ ಕೂತಿರುವ ಜಿಡ್ಡು ಬಿಡಿಸಲು ಮೊದಲ ಎರಡು ಸ್ನಾನ ಸಾದಾ ಶಾಂಪೂವಿನಿಂದಲೇ ಮಾಡಿ, ಅದರಿಂದ ವ್ರತ ಕೆಡುವುದಿಲ್ಲ. ಕೊನೆಗೆ ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಹಾಕಿ ಕೂದಲ ಮೇಲೆ ಸುರಿದು, ಮತ್ತೆ ಒಂದು ತಂಬಿಗೆ ಒಳ್ಳೆಯ ನೀರು. ಬೇಕಿಂಗ್ ಸೋಡಾ ಮಾತ್ರ ತಲೆಗೆ ಹಾಕಬೇಡಿ, ಅದೂ ಕ್ಷಾರವೇ.

ನಮ್ಮ ಹಳೇ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಅಲ್ಲಿ ಹೊಳೆದಂಡೆಗೆ ನಮ್ಮ ಅಜ್ಜಿ ಎರಿಮಣ್ಣು ನೆನಸಿ ತಲೆಗೆ ಹಚ್ಚಿ ತೊಳೆದುಕೊಳ್ಳುತ್ತಿದ್ದಳು, ಕೂದಲು ಗಾಳಿಗೆ ಹಾರುತ್ತಿತ್ತು. ಎಣ್ಣೆ ಹೀರಿಕೊಳ್ಳುವ ಜೇಡಿಯ ಗುಣ ನಮ್ಮ ಕರಿನೆಲದಲ್ಲೂ ಇದೆ, ಪೇಟೆಯ ಮುಲ್ತಾನಿ ಮಿಟ್ಟಿಯಲ್ಲೂ ಇದೆ. ಆದರೆ ಇವತ್ತಿನ ಹೊಲಕ್ಕೆ ಬೀಳುವ ಔಷಧಗಳನ್ನು ನೆನೆದರೆ ಆ ಮಣ್ಣನ್ನು ತಲೆಗೆ ಹಚ್ಚಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಗಾಯದ ಮೇಲೆ ಮಣ್ಣು ಬಿದ್ದರೆ ಧನುರ್ವಾಯುವಿನ ಭಯ ಬೇರೆ.

ಕೂದಲು ಗೊಂಚಲಾಗಿ ಬರುವುದಕ್ಕೆ ಸಾಬೂನು ಅರ್ಧ ಕಾರಣ ಮಾತ್ರ. ಇನ್ನರ್ಧ ಹೆರಿಗೆ. ಬಸುರಿನಲ್ಲಿ ಹಾರ್ಮೋನಿನ ಬಲದಿಂದ ಉದುರದೆ ನಿಂತಿದ್ದ ಕೂದಲೆಲ್ಲ ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳಿಗೆ ಒಟ್ಟಿಗೆ ಉದುರಲು ಶುರುವಾಗುತ್ತದೆ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ನಿಮಗೆ ಈಗ ಅದರ ಎರಡು ಮೂರು ಪಟ್ಟು ಕಂಡೀತು. ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಬಹಳಷ್ಟು ಮರಳಿ ಬರುತ್ತದೆ. ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಎರಡನೇ ಹೆರಿಗೆ ಅಂದಿರಿ. ರಕ್ತದಲ್ಲಿ ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಮೂರನ್ನೂ ಒಮ್ಮೆ ನೋಡಿಸಿ. ಬಾಣಂತಿಗೆ ಅಳವಿ ಪಾಯಸ ಕೊಡುವುದು ನಮ್ಮ ಕಡೆಯ ಒಳ್ಳೆಯ ಪದ್ಧತಿ, ಅಳವಿಯಲ್ಲಿ ಕಬ್ಬಿಣದಂಶ ಚೆನ್ನಾಗಿದೆ, ಬಿಡಬೇಡಿ. ಆ ಲಿಂಬೆಯನ್ನು ಮುಖದಿಂದ ತೆಗೆದು ಮಡಕಿಕಾಳಿನ ಪಲ್ಯದ ಮೇಲೆ ಹಿಂಡಿ. ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದರ ವಿಟಮಿನ್ ಸಿ ಬೇಕು. ಊಟದ ಜತೆಗೇ ಚಹಾ ಕುಡಿದರೆ ಆ ಲಾಭ ಹೋಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ.

ಎಣ್ಣೆಯ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕೂದಲಿಗೆ ಕೊಬ್ಬರಿ ಎಣ್ಣೆ, ಚರ್ಮಕ್ಕೆ ಕುಸುಬಿ ಎಣ್ಣೆ, ಔಡಲ ಎಣ್ಣೆ ಬೇಡ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಹೋಲಿಕೆಯಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ತೈಲ ಮೂರರ ಪೈಕಿ ಕೂದಲಿನ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಲಾರಿಕ್ ಆಮ್ಲ ಕೂದಲಿನೊಳಗೆ ಇಳಿಯುತ್ತದೆ. ಸ್ನಾನಕ್ಕೆ ಒಂದೆರಡು ತಾಸು ಮೊದಲು ಕೂದಲಿನ ಉದ್ದಕ್ಕೆ ಹಚ್ಚಿ. ಹೊಟ್ಟು ಇದ್ದರೆ ನೆತ್ತಿಗೆ ಹಚ್ಚಬೇಡಿ, ಹೊಟ್ಟಿಗೆ ಕಾರಣವಾದ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಚರ್ಮದ ಮಾತು ಬೇರೆ. ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ ಚರ್ಮದ ತಡೆಗೋಡೆಗೆ ನೆರವಾಗುತ್ತದೆ, ಓಲಿಕ್ ಆಮ್ಲ ಹೆಚ್ಚಿರುವುದು ಅದನ್ನು ಸಡಿಲಿಸುತ್ತದೆ. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ದುಬಾರಿ ಆಲಿವ್ ಎಣ್ಣೆ ಚರ್ಮದ ಗೋಡೆ ಕೆಡಿಸಿತು, ಸೂರ್ಯಕಾಂತಿ ಎಣ್ಣೆ ಕಾಪಾಡಿತು. ನಮ್ಮ ಸಾಂಪ್ರದಾಯಿಕ ಕುಸುಬಿಯಲ್ಲಿ ಲಿನೋಲಿಕ್ ಆಮ್ಲ ಮುಕ್ಕಾಲು ಪಾಲಿನಷ್ಟಿದೆ. ನಮ್ಮದೇ ಎರಿಹೊಲದಲ್ಲಿ ಹಿಂಗಾರಿಗೆ ಬೆಳೆದ ಮುಳ್ಳುಗಿಡದ ಎಣ್ಣೆಯನ್ನು ಬಿಟ್ಟು ಪರದೇಶದ ಬಾಟಲಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಗಾಣದಿಂದ ತಂದ ತಾಜಾ ಎಣ್ಣೆಯನ್ನು ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗ, ಕೈಕಾಲಿಗೆ ಕೆಲವೇ ಹನಿ ಸವರಿ. ಬೇಗ ಕಮಟುವ ಎಣ್ಣೆ ಅದು, ಸ್ವಲ್ಪ ಸ್ವಲ್ಪವೇ ತಂದು ಬಿಸಿಲು ಬೀಳದ ಕಡೆ ಇಡಿ. ಕೂಸಿನ ಮೈಗೂ ಇದನ್ನೇ ಮೆಲ್ಲಗೆ ಸವರಬಹುದು, ಆದರೆ ಹಿಟ್ಟು ಹಚ್ಚಿ ತಿಕ್ಕಬಾರದು.

ಯಾವುದನ್ನೇ ಹೊಸದಾಗಿ ಶುರುಮಾಡುವ ಮುಂಚೆ ಮೊಣಕೈಯ ಒಳಮಗ್ಗುಲಿಗೆ, ಒಂದು ರೂಪಾಯಿಯಷ್ಟು ಜಾಗಕ್ಕೆ, ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ. ಒಂದು ಒಗ್ಗಿದ ಮೇಲೆ ಇನ್ನೊಂದು. ನೀರು ಬೆರೆತದ್ದು ಏನೇ ಇರಲಿ, ಅಂಟವಾಳದ ಕಷಾಯ, ಅಕ್ಕಿ ತೊಳೆದ ನೀರು, ಲೋಳೆಸರದ ತಿರುಳು, ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಅದಕ್ಕಿಂತ ಹೆಚ್ಚು ಇಡಬೇಡಿ. ವಿಟಮಿನ್ ಇ ಗುಳಿಗೆ ಒಡೆದು ಹಾಕಿದರೆ ಕೆಡುವುದಿಲ್ಲ ಅನ್ನುವುದು ಸುಳ್ಳು, ಅದು ಎಣ್ಣೆ ಕಮಟುವುದನ್ನು ನಿಧಾನಿಸುತ್ತದೆ, ನೀರಿನಲ್ಲಿ ಬೆಳೆಯುವ ಕ್ರಿಮಿಯನ್ನು ತಡೆಯುವುದಿಲ್ಲ. ಲೋಳೆಸರ ಕೊಯ್ದ ಮೇಲೆ ಕಾಲು ತಾಸು ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಿ, ತುರಿಕೆ ತರುವುದು ಆ ರಸ.

ಸಾಬೂನು ಮಾರುವ ವಿಚಾರ ಸದ್ಯಕ್ಕೆ ಕೈಬಿಡಿ. ಮೈಗೆ ಹಚ್ಚುವ ಸಾಬೂನು, ಕ್ರೀಮು ಮಾಡಿ ಮಾರಲು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯ ಸರ್ಕಾರದ ಔಷಧ ನಿಯಂತ್ರಣ ವಿಭಾಗದ ಪರವಾನಗಿ ಬೇಕು. ಮನೆಬಳಕೆಗೆ ಮಾಡುವುದಾದರೂ ಅಂದಾಜಿನ ಮೇಲೆ ಮಾಡಬೇಡಿ. 100 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಅಷ್ಟೇ ಕುಸುಬಿ ಎಣ್ಣೆಗೆ 13–14 ಗ್ರಾಂ ಸಾಕು. ಎಣ್ಣೆ ಬದಲಿಸಿ ಸೋಡಾ ಅಷ್ಟೇ ಹಾಕಿದರೆ ಉಳಿದ ಸೋಡಾ ಚರ್ಮ ತಿನ್ನುತ್ತದೆ. ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಸೋಡಾವನ್ನು ನೀರಿಗೆ ಹಾಕಿ, ನೀರನ್ನು ಸೋಡಾಕ್ಕೆ ಯಾವತ್ತೂ ಸುರಿಯಬೇಡಿ, ಅಲ್ಯೂಮಿನಿಯಂ ಪಾತ್ರೆ ಮುಟ್ಟಬೇಡಿ. ಮಾಡಿದ ಮೇಲೆ ನಾಲ್ಕರಿಂದ ಆರು ವಾರ ಒಣಗಲು ಬಿಡಬೇಕು. ಆ ಸೋಡಾದ ಡಬ್ಬಿ ನಿಮ್ಮ ದೊಡ್ಡ ಮಗುವಿನ ಕೈಗೆ ಸಿಗದಷ್ಟು ಮೇಲಿರಲಿ. ಸಕ್ಕರೆ ಅಂತ ಬಾಯಿಗೆ ಹಾಕಿಕೊಂಡ ಕೂಸಿನ ಅನ್ನನಾಳ ಜೀವನಪೂರ್ತಿ ಸರಿಹೋಗದಿರಬಹುದು.

ಕೊನೆಯದಾಗಿ ಆ ಗಂಟು. ನಿಮ್ಮ ಪತ್ರದಲ್ಲಿ ಅದು ಕೊನೆಯ ಸಾಲು, ನಾನು ಮಾತ್ರ ಅದನ್ನು ಎರಡು ಸಲ ಓದಿದೆ.

ಔಡಲ ಎಣ್ಣೆಯಷ್ಟು ಗಟ್ಟಿ, ಅಂಟು ಎಣ್ಣೆ ಇನ್ನೊಂದಿಲ್ಲ. ಅದನ್ನು ತಲೆತುಂಬ ಹಚ್ಚಿ ತೊಳೆಯುವಾಗ ಉದ್ದ ಕೂದಲು ಬಿಡಿಸಲಾಗದಂತೆ ಮುದ್ದೆಗಟ್ಟಿದ ಪ್ರಕರಣ ಭಾರತದ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ನಿಮ್ಮಲ್ಲಿ ಔಡಲ ಎಣ್ಣೆ, ಸವಳು ನೀರು, ಸಾಬೂನಿನ ಜಿಡ್ಡು, ಹೆರಿಗೆಯ ನಂತರ ಉದುರಿ ಹೊರಬೀಳದೆ ಸಿಕ್ಕಿಕೊಂಡ ಕೂದಲು ಎಲ್ಲಾ ಒಂದೇ ಕಡೆ ಸೇರಿವೆ. ಕೂಸನ್ನು ಎತ್ತಿಕೊಂಡು, ನಿದ್ದೆಗೆಟ್ಟು, ದಿನಾ ತಲೆ ಬಾಚಲು ನಿಮಗೆ ಸಮಯ ಎಲ್ಲಿ ಸಿಕ್ಕಿರುತ್ತದೆ? ದಿಂಬಿಗೆ ತಿಕ್ಕುವ ಜಾಗವೂ ಅದೇ. ಹೀಗೆ ಆಯಿತು, ಇದರಲ್ಲಿ ಇನ್ನೇನೂ ಇಲ್ಲ.

ಓಣಿಯ ಹಿರಿಯರು ಯಾಕೆ ಹಾಗೆಂದರು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಕೂದಲು ಹೀಗೆ ಗಂಟುಗಟ್ಟಿ ಜಡಿ ಮೂಡಿದರೆ ಸವದತ್ತಿ ಎಲ್ಲಮ್ಮ ಕರೆದಳು ಅಂತ ನಂಬಿ, ಎಷ್ಟು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಅಂದರೆ ದೇವದಾಸಿ ಮಾಡಿ, ಅವರ ಬಾಳನ್ನೇ ಬೇರೆ ಕಡೆಗೆ ತಿರುಗಿಸಿಬಿಟ್ಟರು! 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ನಮ್ಮ ರಾಜ್ಯ ಕಾನೂನು ಮಾಡಿತು. ಆದರೆ ಆ ಹೆದರಿಕೆ ಕತ್ತಿನ ಹಿಂದಿನ ಒಂದು ಗಂಟಿನಲ್ಲಿ ಇನ್ನೂ ಉಳಿದುಕೊಂಡಿದೆ. ನಮ್ಮದೂ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನ. ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತೇನೆ, ಕೈ ಮುಗಿಯುತ್ತೇನೆ. ಅದೇ ಕೈಯಿಂದ ಇಂಥ ಎಷ್ಟೋ ಜಡಿಗಳನ್ನು ಬಿಡಿಸಿದ್ದೇನೆ, ಬಿಡಿಸಲು ಬಾರದ್ದನ್ನು ಕತ್ತರಿಸಿದ್ದೇನೆ. ಆ ಹೆಣ್ಣುಮಕ್ಕಳಿಗೂ ಅವರ ಮಕ್ಕಳಿಗೂ ಕೂದಲಿನಿಂದ ಯಾವ ಕೇಡೂ ಆಗಿಲ್ಲ. ಜಡಿಯನ್ನು ಹಾಗೇ ಬಿಟ್ಟವರಲ್ಲಿ ಒಳಗೆ ಹೇನು, ಕೀವು, ಕತ್ತು ನೋವು ಕಂಡಿದ್ದೇನೆ.

ನಿಮ್ಮದು ಇನ್ನೂ ಹೊಸ ಗಂಟು, ಬಿಡುತ್ತದೆ. ಒಬ್ಬರೇ ಕೂಡಬೇಡಿ, ತಂಗಿಯನ್ನೋ ಗೆಳತಿಯನ್ನೋ ಕರೆದುಕೊಳ್ಳಿ. ಬಿಸಿನೀರು ಹಾಕಿ ತಿಕ್ಕಬೇಡಿ, ಇನ್ನೂ ಬಿಗಿಯುತ್ತದೆ. ಗಂಟಿಗೆ ಕೊಬ್ಬರಿ ಎಣ್ಣೆ ಅಥವಾ ಅಂಗಡಿಯ ಕಂಡೀಷನರ್ ಧಾರಾಳವಾಗಿ ಹಚ್ಚಿ ಒಂದು ತಾಸು ಬಿಡಿ. ಆಮೇಲೆ ಮೊಂಡ ತುದಿಯ ದಪ್ಪ ಸೂಜಿಯಿಂದಲೋ ಬಾಚಣಿಗೆಯ ಕೊನೆಯ ಹಲ್ಲಿನಿಂದಲೋ ಕೂದಲಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದು ಸಲಕ್ಕೆ ನಾಲ್ಕೈದು ಎಳೆ. ಬೇರಿನ ಹತ್ತಿರ ಇನ್ನೊಂದು ಕೈಯಿಂದ ಹಿಡಿದುಕೊಂಡರೆ ನೋವಾಗುವುದಿಲ್ಲ. ಒಂದೇ ದಿನಕ್ಕೆ ಮುಗಿಯಬೇಕೆಂದೇನಿಲ್ಲ, ಮೂರು ನಾಲ್ಕು ಸಂಜೆ ಹಿಡಿಯಲಿ. ಮಗ್ಗದ ಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕುವ ಕೈಗಳಿಗೆ ಈ ತಾಳ್ಮೆ ಹೊಸದಲ್ಲ. ಕೊನೆಗೂ ಬಿಡದೆ ಉಳಿದಷ್ಟನ್ನು ಕತ್ತರಿಸಿ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಕೂದಲು ಬೆಳೆಯುತ್ತದೆ, ಮುಂದಿನ ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ ಆ ಜಾಗ ಹೆರಳೊಳಗೆ ಮುಚ್ಚಿಹೋಗಿರುತ್ತದೆ. ಕತ್ತರಿ ಹಿಡಿಯಲು ಮನೆಯಲ್ಲಿ ಯಾರಿಗೂ ಧೈರ್ಯ ಬರದಿದ್ದರೆ ಆ ಕ್ರೀಮಿನ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಬಾಗಲಕೋಟೆಗೆ ಬನ್ನಿ. ಇಬ್ಬರೂ ಕೂತು ಬಿಡಿಸೋಣ.